ದೇವಸ್ಥಾನದ ಅಂಗಣಕ್ಕೆ ಕಲ್ಲಾ, ಟೈಲಾ? ಜಾರುತ್ತದಾ ಇಲ್ಲವಾ ಅಂತ ಅಳೆಯುವುದು ಹೇಗೆ?

ಸುತ್ತುಪೌಳಿ
ಕುಂಬಳೆ–ಬದಿಯಡ್ಕ ನಡುವೆ ಒಂದು ದೇವಸ್ಥಾನದ ಜೀರ್ಣೋದ್ಧಾರ ನಡೆಯುತ್ತಾ ಉಂಟು. ನೆಲಹಾಸಿನ ತೀರ್ಮಾನ ಬಾಕಿ. ವಿವರ ಹೀಗೆ:

ಅಂಗಣ ಸುಮಾರು 180 ಚದರ ಮೀಟರ್, ಮೇಲೆ ಮಾಡು ಇಲ್ಲ, ಮಳೆ ನೇರ ಬೀಳುತ್ತದೆ. ಎಲ್ಲರೂ ಬರಿಗಾಲಲ್ಲಿ. ಭೋಜನಶಾಲೆ 240 ಚದರ ಮೀಟರ್, ಬದಿಯಲ್ಲಿ ಕೈತೊಳೆಯುವ ಜಾಗ, ಹಿಂದೆ ಅಡುಗೆಕೋಣೆ. ಗಾಲಿಕುರ್ಚಿಗೆ 1:12ರ ಒಂದು ಇಳಿಜಾರು.

ಈಗ ಬಂದಿರುವ ಸಲಹೆ ಮೂರು. ಅಂಗಣಕ್ಕೆ ಪಾಲಿಶ್ ಗ್ರಾನೈಟ್ ಅಥವಾ ಫ್ಲೇಮ್ಡ್ (ಜ್ವಾಲೆ ಹಾಯಿಸಿ ಒರಟು ಮಾಡಿದ) ಗ್ರಾನೈಟ್, ಊಟದ ಹಾಲಿಗೆ 600×600ರ ಮ್ಯಾಟ್ ವಿಟ್ರಿಫೈಡ್. ಟೈಲಿನ ಪೆಟ್ಟಿಗೆಯ ಮೇಲೆ ಆರ್10 ಎಂದು ಬರೆದಿದೆ. ಅಂಗಡಿಯವರ ಪ್ರಕಾರ ಹತ್ತು ಎಂದರೆ ಒಳ್ಳೇ ಮಾರ್ಕು, ಜಾರುವುದೇ ಇಲ್ಲ. ಇದನ್ನು ನಂಬಬಹುದಾ? ನಾವೇ ಪರೀಕ್ಷೆ ಮಾಡಿಸಬೇಕೆಂದರೆ ಏನು ಕೇಳಬೇಕು?

ಲೋಲಕ55
ಮೊದಲು ಆ ಹತ್ತರ ಲೆಕ್ಕ. ಆರ್ ಶ್ರೇಣಿ ಶುರುವಾಗುವುದೇ 9ರಿಂದ, ಮುಗಿಯುವುದು 13ಕ್ಕೆ. ಆರ್10 ಎಂದರೆ ಹತ್ತಕ್ಕೆ ಹತ್ತು ಅಲ್ಲ, ಕೆಳಗಿನಿಂದ ಎರಡನೇ ಮೆಟ್ಟಿಲು.

ಇದು ಜರ್ಮನಿಯ ಡಿಐಎನ್ 51130 ಎಂಬ ಮಾನದಂಡದಿಂದ ಬಂದ ಪರೀಕ್ಷೆ. ಟೈಲನ್ನು ಒಂದು ಹಲಗೆಗೆ ಕೂರಿಸುತ್ತಾರೆ, ಮೇಲೆ ಮೋಟಾರ್ ಎಣ್ಣೆ ಸವರುತ್ತಾರೆ. ಸುರಕ್ಷಾ ಬೂಟು ಹಾಕಿದ ವ್ಯಕ್ತಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದರ ಮೇಲೆ ಹಿಂದೆ ಮುಂದೆ ನಡೆಯುತ್ತಾನೆ. ಹಲಗೆಯನ್ನು ನಿಧಾನ ಎತ್ತುತ್ತಾ ಹೋಗುತ್ತಾರೆ, ಕಾಲು ಜಾರಲು ಶುರುವಾದ ಕೋನವೇ ಫಲಿತಾಂಶ. 6ರಿಂದ 10 ಡಿಗ್ರಿ ಆದರೆ ಆರ್9, 10ರಿಂದ 19 ಆರ್10, 19ರಿಂದ 27 ಆರ್11, 27ರಿಂದ 35 ಆರ್12, ಅದಕ್ಕೂ ಮೇಲೆ ಆರ್13. ಆರ್10 ಎಷ್ಟು ಅಗಲದ ಬುಟ್ಟಿ ನೋಡಿ: 10.5 ಡಿಗ್ರಿಯ ಟೈಲಿಗೂ 18.5 ಡಿಗ್ರಿಯ ಟೈಲಿಗೂ ಪೆಟ್ಟಿಗೆಯ ಮೇಲೆ ಒಂದೇ ಮುದ್ರೆ. ಪರೀಕ್ಷಾ ವರದಿಯಲ್ಲಿ ಕೋನವೇ ಇರುತ್ತದೆ, ಅದನ್ನು ಕೇಳಿ ಪಡೆಯಿರಿ.

ನಿಮ್ಮ ಅಂಗಣಕ್ಕೆ ಬೂಟೂ ಇಲ್ಲ, ಮೋಟಾರ್ ಎಣ್ಣೆಯೂ ಇಲ್ಲ. ಬರಿಗಾಲಿಗೆ ಬೇರೆಯೇ ಪರೀಕ್ಷೆ ಉಂಟು, ಡಿಐಎನ್ 51097. ಸಾಬೂನು ನೀರು ಹರಿಸಿ ಬರಿಗಾಲಲ್ಲಿ ನಡೆಸುವುದು. ಅದರ ದರ್ಜೆ ಎ, ಬಿ, ಸಿ: ಕ್ರಮವಾಗಿ 12, 18, 24 ಡಿಗ್ರಿ ಮತ್ತು ಮೇಲೆ. ಈಜುಕೊಳದ ಸುತ್ತಲಿನ ನೆಲಕ್ಕೆ ಬಿ ಕೇಳುವುದು ವಾಡಿಕೆ. ಮಳೆಗಾಲದ ಅಂಗಣ ಅದಕ್ಕಿಂತ ಬೇರೆಯಲ್ಲ.

ಟೈಲ್‌ಮೇಸ್ತ್ರಿ
ಕೆಲವು ಪೆಟ್ಟಿಗೆಯಲ್ಲಿ "0.42" ಅಂತಲೂ ಇರುತ್ತದೆ. ಅದೇನು?

ಲೋಲಕ55
ಅದು ಅಮೆರಿಕದ್ದು. ಸಣ್ಣ ಗಾಡಿಯಂಥ ಯಂತ್ರವೊಂದು ರಬ್ಬರಿನ ತುಂಡನ್ನು ನೆಲದ ಮೇಲೆ ಎಳೆದುಕೊಂಡು ಹೋಗಿ ಚಲನ ಘರ್ಷಣೆ ಅಳೆಯುತ್ತದೆ. ನೆಲ ಒದ್ದೆ ಮಾಡುವುದು ಶೇ. 0.05ರ ಸೋಡಿಯಂ ಲಾರಿಲ್ ಸಲ್ಫೇಟ್ ದ್ರಾವಣದಿಂದ. 0.42 ಎನ್ನುವುದು ಒಳಾಂಗಣದ, ಸಮತಟ್ಟಾದ, ನೀರು ಬೀಳಬಹುದಾದ ನೆಲಕ್ಕೆ ಇಟ್ಟ ಗಡಿ. ಬಯಲಿಗೆ, ಇಳಿಜಾರಿಗೆ, ಎಣ್ಣೆ ಬೀಳುವಲ್ಲಿಗೆ ಅದು ಅನ್ವಯಿಸುವುದಿಲ್ಲ. ಆರ್10ಕ್ಕೂ 0.42ಕ್ಕೂ ಪರಿವರ್ತನೆಯ ಕೋಷ್ಟಕ ಯಾರಾದರೂ ಕೊಟ್ಟರೆ ನಂಬಬೇಡಿ. ಪಾದ ಬೇರೆ, ದ್ರವ ಬೇರೆ, ವೇಗ ಬೇರೆ. ಒಂದರಿಂದ ಇನ್ನೊಂದು ಹುಟ್ಟುವುದಿಲ್ಲ.

ಅಳತೆಕೋಲು
ಹಾಸಿದ ನೆಲವನ್ನು ಇದ್ದಲ್ಲೇ ಅಳೆಯಲು ಒಪ್ಪಿಗೆಯಿರುವ ಒಂದು ಸಾಧನ ಪೆಂಡುಲಂ, ತೂಗಾಡುವ ತೋಳಿನ ಯಂತ್ರ. ರ‍್ಯಾಂಪ್ (ಹಲಗೆ ಎತ್ತುವ) ಪರೀಕ್ಷೆಗೆ ಟೈಲನ್ನು ಪ್ರಯೋಗಾಲಯಕ್ಕೆ ಒಯ್ಯಬೇಕು, ಪೆಂಡುಲಂ ನಿಮ್ಮ ಅಂಗಣಕ್ಕೇ ಬರುತ್ತದೆ.

ಮೂಲತಃ 1940ರ ದಶಕದಲ್ಲಿ ಅಮೆರಿಕದಲ್ಲಿ ನಡೆದಾಡುವ ನೆಲಕ್ಕಾಗಿಯೇ ಮಾಡಿದ್ದು. ಆಮೇಲೆ ಬ್ರಿಟನ್ನಿನ ರಸ್ತೆ ಸಂಶೋಧನಾಲಯದವರು ಡಾಂಬರು ರಸ್ತೆಗೆ ಒಗ್ಗಿಸಿಕೊಂಡರು. ಆದ್ದರಿಂದಲೇ ನಮ್ಮಲ್ಲಿ ಇದು ಸಿಗುವುದು ಎಂಜಿನಿಯರಿಂಗ್ ಕಾಲೇಜುಗಳ ಹೆದ್ದಾರಿ ಪ್ರಯೋಗಾಲಯದಲ್ಲಿ, "ಸ್ಕಿಡ್ ರೆಸಿಸ್ಟೆನ್ಸ್ ಟೆಸ್ಟರ್" ಎಂಬ ಹೆಸರಿನಲ್ಲಿ. ಟೈಲ್ ಅಂಗಡಿಯಲ್ಲಿ ಹುಡುಕಬೇಡಿ, ಸಿವಿಲ್ ವಿಭಾಗದಲ್ಲಿ ವಿಚಾರಿಸಿ. ಜಲ್ಲಿ ಎಷ್ಟು ಬೇಗ ನುಣುಪಾಗುತ್ತದೆ ಎಂದು ನೋಡುವ ಪರೀಕ್ಷೆಗೂ ಇದೇ ಯಂತ್ರ, ಹಾಗಾಗಿ ರಸ್ತೆ ಕಾಮಗಾರಿಯ ಗುಣಮಟ್ಟ ನೋಡುವ ಪ್ರಯೋಗಾಲಯಗಳಿಗೂ ಪರಿಚಯ ಉಂಟು.

ಕೆಲಸ ಮಾಡುವ ರೀತಿ ಸರಳ. ಒಂದು ತೋಳು, ತುದಿಯಲ್ಲಿ ರಬ್ಬರು. ತೋಳನ್ನು ಅಡ್ಡಕ್ಕೆ ಎತ್ತಿ ಬಿಟ್ಟರೆ ಕೆಳಗೆ ಬಂದು, ಸೆಕೆಂಡಿಗೆ ಸುಮಾರು 2.8 ಮೀಟರ್ ವೇಗದಲ್ಲಿ ನೆಲ ಸವರಿ, ಆಚೆ ಮೇಲೇರುತ್ತದೆ. ನೆಲ ಹಿಡಿದಷ್ಟೂ ಏರುವುದು ಕಡಿಮೆ. ಜತೆಗೆ ಹೋದ ಮುಳ್ಳು ನಿಂತಲ್ಲಿ ಓದಿದ ಸಂಖ್ಯೆಯೇ ಪೆಂಡುಲಂ ಮೌಲ್ಯ, ಪಿಟಿವಿ. ಬ್ರಿಟನ್ನಿನಲ್ಲಿ ಬಳಸುವ ಗಡಿ: 24ರವರೆಗೆ ಜಾರುವ ಸಂಭವ ಹೆಚ್ಚು, 25ರಿಂದ 35 ಮಧ್ಯಮ, 36 ಮತ್ತು ಮೇಲೆ ಕಡಿಮೆ.

ಮುರಕಲ್ಲು
ಯಾವ ರಬ್ಬರು ಎನ್ನುವುದನ್ನು ಬಿಟ್ಟಿರಿ. ಅಲ್ಲೇ ತಪ್ಪುವುದು.

ಅಳತೆಕೋಲು
ಅದನ್ನೇ ಬರೆಯಲಿಕ್ಕೆ ಹೊರಟದ್ದು. ಎರಡು ಬಗೆ. 96 ಎಂಬ ಗಟ್ಟಿ ರಬ್ಬರು ಸಾಮಾನ್ಯ ಚಪ್ಪಲಿ, ಶೂ ಅಟ್ಟೆಯ ಬದಲಿಗೆ. 55 ಎಂಬ ಮೆದು ರಬ್ಬರು ಬರಿಗಾಲಿನ ಬದಲಿಗೆ. ರಸ್ತೆ ಪ್ರಯೋಗಾಲಯದಲ್ಲಿ ಮೆದು ರಬ್ಬರೇ ಇರುವುದು ಹೆಚ್ಚು. ನಿಮ್ಮ ಅಂಗಣಕ್ಕೆ ಅದು ಅನುಕೂಲವೇ. ಚಪ್ಪಲಿ ಹಾಕಿ ಓಡಾಡುವ ಹೊರಗಿನ ದಾರಿ, ಅಡುಗೆಯವರು ರಬ್ಬರು ಚಪ್ಪಲಿ ಹಾಕುವ ಕೋಣೆ ಇವಕ್ಕೆ 96 ಬೇಕು.

ವಿಧಾನದ ಹಂತಗಳನ್ನು ಬರೆಯುತ್ತೇನೆ. ಪರೀಕ್ಷೆ ಮಾಡುವವರ ಪಕ್ಕ ನಿಂತು ನೋಡುವವರಿಗೂ ಗೊತ್ತಿರಬೇಕು.

ಯಂತ್ರವನ್ನು ಮೂರು ಸ್ಕ್ರೂ ತಿರುಗಿಸಿ ಗುಳ್ಳೆ ನಡುವೆ ಬರುವವರೆಗೆ ಮಟ್ಟ ಮಾಡಬೇಕು. ನೆಲ ಮುಟ್ಟದ ಹಾಗೆ ತಲೆ ಎತ್ತಿ, ತೋಳನ್ನು ಗಾಳಿಯಲ್ಲಿ ಬಿಡಬೇಕು. ಮುಳ್ಳು ಸೊನ್ನೆಗೆ ಬರಬೇಕು. ಬರದಿದ್ದರೆ ಘರ್ಷಣೆ ಉಂಗುರ ಹೊಂದಿಸಿ ಮತ್ತೆ. ಆಮೇಲೆ ತಲೆ ಇಳಿಸಿ, ರಬ್ಬರು ನೆಲ ಮುಟ್ಟುವ ಉದ್ದ 126 ಮಿ.ಮೀ. ಬರುವಂತೆ ಅಳತೆಪಟ್ಟಿ ಇಟ್ಟು ಸರಿಮಾಡಬೇಕು, ಒಂದು ಮಿ.ಮೀ. ಆಚೀಚೆ ಅಷ್ಟೇ. ಉದ್ದ ಹೆಚ್ಚಾದರೆ ಸಂಖ್ಯೆ ಸುಮ್ಮನೆ ಏರುತ್ತದೆ. ನೆಲ ಅದೇ, ಫಲಿತಾಂಶ ಮಾತ್ರ ಚಂದ.

ರಬ್ಬರಿನ ಅಂಚನ್ನು ಪಿ400 ಉಜ್ಜು ಕಾಗದದ ಮೇಲೆ, ನಂತರ ಒದ್ದೆ ಮಾಡಿದ ಗುಲಾಬಿ ಲ್ಯಾಪಿಂಗ್ ಫಿಲ್ಮಿನ (ಬಹಳ ನಯವಾದ ಉಜ್ಜು ಹಾಳೆಯ) ಮೇಲೆ ಬೀಸಿ ಹದ ಮಾಡಬೇಕು. ಫಿಲ್ಮಿನ ಹಂತ ಬಿಟ್ಟರೆ ಅಂಚು ಒರಟಾಗಿಯೇ ಉಳಿದು ನುಣುಪು ನೆಲವೂ ಪಾಸಾಗುತ್ತದೆ. ಯಂತ್ರ ಸರಿ ಉಂಟಾ ಎಂದು ನೋಡಲು ಒದ್ದೆ ಗಾಜಿನ ಮೇಲೆ ಒಮ್ಮೆ, ಅದೇ ಫಿಲ್ಮಿನ ಮೇಲೆ ಒಮ್ಮೆ ಬೀಸಿ. 96ರ ರಬ್ಬರಿಗೆ ಗಾಜು 10ರ ಒಳಗೆ, ಫಿಲ್ಮು 60ರ ಆಸುಪಾಸು ತೋರಬೇಕು. ಗಾಜಿನ ಮೇಲೆ 20 ಬಂದರೆ ಆ ದಿನದ ಕೆಲಸ ಅಲ್ಲಿಗೆ ನಿಲ್ಲಿಸಿ.

ನೆಲಕ್ಕೆ ಸ್ಪ್ರೇ ಬಾಟಲಿಯಿಂದ ನೀರು ಹಾಕಿ. ಸವರುವ ಜಾಗ ಪೂರ್ತಿ ಮುಚ್ಚಬೇಕು, ಪ್ರತಿ ಬೀಸಿಗೂ ಹೊಸ ನೀರು. ಎಂಟು ಸಲ ಬೀಸಿ, ಮೊದಲ ಮೂರು ಬಿಟ್ಟು ಉಳಿದ ಐದರ ಸರಾಸರಿ. ತೋಳು ಹಿಂದೆ ಬರುವಾಗ ಕೈಯಲ್ಲಿ ಹಿಡಿಯಬೇಕು. ಹಿಂತಿರುಗಿ ನೆಲಕ್ಕೆ ಉಜ್ಜಿದರೆ ರಬ್ಬರಿನ ಅಂಚು ಹೋಯಿತು.

ಇಷ್ಟು ಮೂರು ದಿಕ್ಕಿನಲ್ಲಿ: ನಡೆಯುವ ದಿಕ್ಕು, ಅದಕ್ಕೆ ಅಡ್ಡ, 45 ಡಿಗ್ರಿ ಓರೆ. ಓದುವುದು 0ರಿಂದ 150ರವರೆಗಿನ ಸಿ ಅಳತೆಪಟ್ಟಿಯಲ್ಲಿ. ಪಕ್ಕದಲ್ಲಿರುವ ಎಫ್ ಪಟ್ಟಿ ಸಣ್ಣ ರಬ್ಬರಿಗೆ. ಅವಸರದಲ್ಲಿ ಅದನ್ನು ಓದುವವರು ಇದ್ದಾರೆ.

ಸುತ್ತುಪೌಳಿ
ಒಣ ನೆಲದ ಮೇಲೂ ಅಳೆಯಬೇಕಾ? ಒಬ್ಬರು ಪಾಲಿಶ್ ಗ್ರಾನೈಟಿಗೆ 58 ಬಂದ ವರದಿ ತೋರಿಸಿದರು.

ಲೋಲಕ55
ಆ ವರದಿಯಲ್ಲಿ "ಒಣ" ಎಂದು ಎಲ್ಲಾದರೂ ಸಣ್ಣ ಅಕ್ಷರದಲ್ಲಿ ಇರಬೇಕು, ನೋಡಿ. ಒಣಗಿ ಶುಚಿಯಾಗಿರುವಾಗ ಹೆಚ್ಚುಕಡಿಮೆ ಎಲ್ಲ ನೆಲವೂ 36 ದಾಟುತ್ತದೆ. ಕನ್ನಡಿಯಂಥ ಗ್ರಾನೈಟ್ ಒಣಗಿದಾಗ 50–60 ತೋರಿಸಿ, ನೀರು ಬಿದ್ದ ಕೂಡಲೇ 20ರ ಕೆಳಗೆ ಬರುವುದು ಸಾಮಾನ್ಯ ಸಂಗತಿ.

ಕಾರಣ ನೀರಿನ ಪದರ. ಹಿಮ್ಮಡಿ ನೆಲ ಮುಟ್ಟುವ ಆ ಕ್ಷಣದಲ್ಲಿ ಕೆಳಗಿನ ನೀರು ಓಡಿ ಹೋಗಬೇಕು. ನೆಲದಲ್ಲಿ ಕಣ್ಣಿಗೆ ಕಾಣದ ಉಬ್ಬುತಗ್ಗು ಇದ್ದರೆ ನೀರು ತಗ್ಗಿಗೆ ಇಳಿಯುತ್ತದೆ, ಪಾದ ಉಬ್ಬನ್ನು ಹಿಡಿಯುತ್ತದೆ. ನುಣುಪಾಗಿದ್ದರೆ ನೀರಿಗೆ ಹೋಗಲು ಜಾಗವಿಲ್ಲ, ಪಾದ ನೀರಿನ ಮೇಲೇ ತೇಲುತ್ತದೆ. ಆದ್ದರಿಂದ ಎಷ್ಟು ಉಬ್ಬುತಗ್ಗು ಬೇಕು ಎನ್ನುವುದು ಬೀಳುವ ದ್ರವ ಎಷ್ಟು ಮಂದ ಎನ್ನುವುದರ ಮೇಲೆ ನಿಂತಿದೆ. ಬ್ರಿಟನ್ನಿನ ಆರೋಗ್ಯ ಸುರಕ್ಷಾ ಇಲಾಖೆ ಕೊಡುವ ಮಾರ್ಗದರ್ಶನದಲ್ಲಿ ಒರಟುತನದ ಆರ್‌ಜಡ್ ಮೌಲ್ಯ (ಉಬ್ಬಿನ ತುದಿಯಿಂದ ತಗ್ಗಿನ ತಳದವರೆಗಿನ ಎತ್ತರ) ಶುದ್ಧ ನೀರಿಗೆ ಕನಿಷ್ಠ 20 ಮೈಕ್ರಾನ್, ಹಾಲಿನಂಥದ್ದಕ್ಕೆ 45, ಸಾರಿನಂಥದ್ದಕ್ಕೆ 60, ಅಡುಗೆ ಎಣ್ಣೆಗೆ 70 ಇರಬೇಕು ಎನ್ನುತ್ತದೆ.

ಭೋಜನಶಾಲೆಗೆ ಇದನ್ನು ಓದಿಕೊಳ್ಳಿ: ನೀರು, ಮಜ್ಜಿಗೆ, ಸಾರು, ಪಾಯಸ, ತುಪ್ಪ, ಎಲ್ಲವೂ ಒಂದೇ ಪಂಕ್ತಿಯಲ್ಲಿ ಬೀಳುತ್ತದೆ.

ಟೈಲ್‌ಮೇಸ್ತ್ರಿ
ಕೈಯಲ್ಲಿ ಹಿಡಿಯುವ ಒರಟುತನ ಮೀಟರ್ ಸಿಗುತ್ತದಲ್ಲ, ಪೆಂಡುಲಮ್ಮಿನ ಬದಲು ಅದೇ ಸಾಲದಾ?

ಅಳತೆಕೋಲು
ಸಾಲದು, ಆದರೆ ಉಪಯೋಗ ಉಂಟು. ಅಂಗಡಿಯಲ್ಲೇ ಹತ್ತು ಟೈಲಿನಲ್ಲಿ ಏಳನ್ನು ಬದಿಗಿಡಲು ಸಾಕು. ಒಂದು ಮಾದರಿಗೆ ಹತ್ತು ಕಡೆ ಸೂಜಿ ಓಡಿಸಿ ಸರಾಸರಿ ತೆಗೆಯಿರಿ. ಕೇಳುವುದು ಆರ್‌ಜಡ್, ಆರ್‌ಎ ಅಲ್ಲ. ಆರ್‌ಎ ಸರಾಸರಿಯೊಳಗೆ ಉಬ್ಬುಗಳೆಲ್ಲ ಕರಗಿ ಹೋಗುತ್ತವೆ. 10 ಮೈಕ್ರಾನ್ ಕೆಳಗೆ ಬಂದರೆ ಒದ್ದೆಯಾಗುವ ಜಾಗಕ್ಕೆ ಆ ಟೈಲ್ ಬೇಡ.

ಫ್ಲೇಮ್ಡ್ ಗ್ರಾನೈಟ್, ಮುರಕಲ್ಲು (ಜಂಬಿಟ್ಟಿಗೆ), ಕಾಂಕ್ರೀಟ್ ಇಂಟರ್‌ಲಾಕ್ ಇವುಗಳ ಮೇಲೆ ಸೂಜಿ ಓಡಿಸಬೇಡಿ. ಅಳತೆಯ ಮಿತಿ ಮೀರುತ್ತದೆ, ಸೂಜಿ ಮುರಿಯುತ್ತದೆ.

ಮಡಲು
ಯಂತ್ರ ಯಾವುದೂ ಇಲ್ಲದೆ, ಹಲಗೆಗೆ ಟೈಲ್ ಅಂಟಿಸಿ ಓರೆ ಮಾಡಿ ಮೇಲೆ ಚಪ್ಪಲಿ ಇಟ್ಟು ನೋಡಿದರೆ? ಅಥವಾ ಐದು ಕಿಲೋ ಭಾರಕ್ಕೆ ರಬ್ಬರು ಕಟ್ಟಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದರೆ?

ಅಳತೆಕೋಲು
ಒಣ ನೆಲಕ್ಕೆ ಏನೋ ಒಂದು ಅಂದಾಜು ಸಿಗುತ್ತದೆ. ಒದ್ದೆ ನೆಲಕ್ಕೆ ಮಾಡಿದರೆ ಮೋಸ ಹೋಗುತ್ತೀರಿ. ಭಾರ ನಿಂತಲ್ಲೇ ಇರುವಷ್ಟು ಹೊತ್ತು ಕೆಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ, ರಬ್ಬರು ನುಣುಪು ನೆಲಕ್ಕೆ ಅಂಟಿಕೊಳ್ಳುತ್ತದೆ. ಎಳೆದಾಗ ತಕ್ಕಡಿ ದೊಡ್ಡ ಸಂಖ್ಯೆ ತೋರಿಸುತ್ತದೆ, ಕೆಲವೊಮ್ಮೆ ಒಣ ನೆಲಕ್ಕಿಂತಲೂ ಹೆಚ್ಚು. ಪಾಲಿಶ್ ಟೈಲೇ ಗೆದ್ದಿತು ಎಂಬ ತೀರ್ಮಾನಕ್ಕೆ ಬರುವುದು ಹೀಗೆ. ನಡೆಯುವ ಕಾಲು ನೆಲದ ಮೇಲೆ ಕೂತು ಕಾಯುವುದಿಲ್ಲ.

ಮುರಕಲ್ಲು
ಈಗ ಕಲ್ಲಿನ ಮಾತು. ಅಂಗಣಕ್ಕೆ ಫ್ಲೇಮ್ಡ್ ಎಂದು ಎಲ್ಲರೂ ಹೇಳುತ್ತಾರೆ, ಜಾರುವ ಲೆಕ್ಕದಲ್ಲಿ ಅದು ಸರಿ. ಗ್ರಾನೈಟಿನ ಮೇಲ್ಮೈಗೆ ಜ್ವಾಲೆ ಹಾಯಿಸಿದಾಗ ಒಳಗಿನ ಸ್ಫಟಿಕಶಿಲೆ 573 ಡಿಗ್ರಿಯಲ್ಲಿ ರೂಪ ಬದಲಿಸಿ ಹಿಗ್ಗುತ್ತದೆ, ಮೇಲಿನ ಪದರ ಸಿಡಿದು ಒರಟಾಗುತ್ತದೆ. ತೆಳು ಚಪ್ಪಡಿಗೆ ಇದನ್ನು ಮಾಡಿದರೆ ಕಲ್ಲೇ ಬಿರುಕು ಬಿಡುತ್ತದೆ, 20 ಮಿ.ಮೀ. ಕೆಳಗೆ ಹೋಗಬೇಡಿ.

ಆದರೆ ಅಂಗಣದಲ್ಲಿ ಉರುಳುಸೇವೆ ಉಂಟಲ್ಲ? ಹೊಸ ಫ್ಲೇಮ್ಡ್ ಕಲ್ಲಿನ ಮೇಲೆ ಉರುಳಿದರೆ ಮೊಣಕೈ, ಮೊಣಕಾಲಿನ ಚರ್ಮ ಉಳಿಯುವುದಿಲ್ಲ. ಪ್ರದಕ್ಷಿಣೆ ದಾರಿಗೆ ಫ್ಲೇಮ್ ಮಾಡಿ ಮೇಲೆ ಬ್ರಶ್ ಹಾಕಿದ ಕಲ್ಲು ನೋಡಿ. ಬ್ರಶ್ ಹಾಕಿದರೆ ಚೂಪು ತುದಿಗಳು ಹೋಗುತ್ತವೆ, ಉಬ್ಬುತಗ್ಗು ಉಳಿಯುತ್ತದೆ. ಎಷ್ಟು ಬ್ರಶ್ ಎನ್ನುವುದರಲ್ಲೇ ಎಲ್ಲ ಉಂಟು. "ಲೆದರ್ ಫಿನಿಶ್" ಎಂದು ಮಾರುವುದರಲ್ಲಿ ಕೆಲವು ಕೈಗೆ ಒರಟು ಅನಿಸಿದರೂ ಒದ್ದೆಯಲ್ಲಿ 36 ಮುಟ್ಟುವುದಿಲ್ಲ. ಕೈಯಾಡಿಸಿ ಆರಿಸಬೇಡಿ, ತುಂಡು ತರಿಸಿ ಅಳೆಯಿಸಿ.

ಉತ್ಸವದ ದಿನ ದೇವರನ್ನು ತಲೆಯಲ್ಲಿ ಹೊತ್ತು ಬಲಿ (ಪ್ರದಕ್ಷಿಣೆ) ಬರುವವರ ಹೆಜ್ಜೆಯನ್ನು ನೆನಪಿಡಿ. ಅವರು ನೇರ ನಡೆಯುವುದಿಲ್ಲ, ಓರೆಯಾಗಿ, ತಿರುಗುತ್ತಾ, ವೇಗವಾಗಿ ಬರುತ್ತಾರೆ. ಅಲ್ಲಿ 45 ಡಿಗ್ರಿಯ ಅಳತೆ ಬರೀ ನಿಯಮಕ್ಕಲ್ಲ.

ಮುರಕಲ್ಲಿನ ಹಾಸಿನ ಬಗ್ಗೆ ಕೇಳದೆ ಹೇಳುತ್ತೇನೆ: ಶುಚಿಯಾಗಿದ್ದರೆ ಒದ್ದೆಯಲ್ಲೂ ಚೆನ್ನಾಗಿ ಹಿಡಿಯುತ್ತದೆ. ತೂತು ತೂತಾದ ಕಲ್ಲು, ನೀರಿಗೆ ಇಳಿಯಲು ಬೇಕಷ್ಟು ಜಾಗ. ಶತ್ರು ಹಾವಸೆ ಒಂದೇ. ಜೂನ್ ಕಳೆದು ಜುಲೈ ನಡುವಿಗೆ ಬಂದರೆ ಅದೇ ಕಲ್ಲು ಸಾಬೂನು.

ಮಡಲು
ಹಾವಸೆಗೆ ಬ್ಲೀಚಿಂಗ್ ಪೌಡರ್ ಎಷ್ಟು ಪ್ರಮಾಣ?

ಮುರಕಲ್ಲು
ಒಳ್ಳೆಯ ಪುಡಿಯಲ್ಲಿ ಕ್ಲೋರಿನ್ ಶೇ. 30ರ ಮೇಲೆ ಇರುತ್ತದೆ. ಲೀಟರಿಗೆ 30 ಗ್ರಾಂ ಹಾಕಿದರೆ ಹತ್ತಿರಹತ್ತಿರ ಶೇ. 1ರ ದ್ರಾವಣ. ಪ್ಲಾಸ್ಟಿಕ್ ಬಕೆಟಿನಲ್ಲಿ ಕಲಸಿ ಅರ್ಧ ಗಂಟೆ ಬಿಡಿ, ಮೇಲಿನ ತಿಳಿ ಮಾತ್ರ ಬಳಸಿ, ಗಷ್ಟು ನೆಲಕ್ಕೆ ಬಿದ್ದರೆ ಬಿಳಿ ಕಲೆ. ಮಳೆ ಹೊಳವಾದ ದಿನ ಹಾಕಿ 15–20 ನಿಮಿಷ ಬಿಟ್ಟು, ಹಿಡಿಸೂಡಿಯಲ್ಲಿ ಬಲವಾಗಿ ಉಜ್ಜಿ ತೊಳೆಯಿರಿ. ಉಜ್ಜದೆ ಬಿಟ್ಟರೆ ಹಾವಸೆ ಸತ್ತು ಬಣ್ಣ ಹೋಗುತ್ತದೆ, ಜಾರುವ ಪದರ ಮಾತ್ರ ಅಲ್ಲೇ ಇರುತ್ತದೆ. ಬಿಳಿಯಾಗಿದ್ದರಿಂದ ಯಾರಿಗೂ ಕಾಣುವುದಿಲ್ಲ, ಅದು ಇನ್ನೂ ಅಪಾಯ.

ಪಾಯಿಖಾನೆ ತೊಳೆಯುವ ಆಸಿಡ್ ಜತೆ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಕೆಲವರು ತೋಟಕ್ಕೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು ಅಂಗಳಕ್ಕೆ ಎರಚುತ್ತಾರೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಅದೇ ಮದ್ದು. ಹಾವಸೆ ಹೋಗುವುದು ನಿಜ. ಆದರೆ ಕಲ್ಲಿಗೆ ನೀಲಿ ಕಲೆ, ತಾಮ್ರ ಮೀನಿಗೆ ವಿಷ. ದೇವಸ್ಥಾನದ ನೀರು ಕೆರೆಗೆ ಹರಿಯುವಲ್ಲಿ ಅದು ಬೇಡವೇ ಬೇಡ. ಬ್ಲೀಚಿಂಗ್ ತೊಳೆದ ನೀರೂ ಕೆರೆಗೆ ಹೋಗದ ಹಾಗೆ ಚರಂಡಿ ತಿರುಗಿಸಿ.

ಬಚ್ಚಲುಮನೆ
ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ದಬ್ಬೆ ಹಾಕುವುದು, ಮಡಲು ಹಾಸುವುದು ಎಲ್ಲ ಇದೇ ಲೆಕ್ಕದ್ದೇ ಅಲ್ವಾ? ಪಿಟಿವಿ ಗೊತ್ತಿಲ್ಲದೆ ಮಾಡಿದ್ದು.

ಮುರಕಲ್ಲು
ಹೌದು. ಆದರೆ ದಬ್ಬೆ ಒಂದು ಮಳೆಗಾಲಕ್ಕೆ ಮಾತ್ರ. ಎರಡನೇ ವರ್ಷ ಅದರ ಮೇಲೇ ಹಾವಸೆ.

ಟೈಲ್‌ಮೇಸ್ತ್ರಿ
ಊಟದ ಹಾಲಿಗೆ ಆರ್11 ಹಾಕಿ ಎನ್ನುವವರು ತೊಳೆಯುವವರನ್ನು ಕೇಳುವುದಿಲ್ಲ. ಒರಟು ಟೈಲಿನಲ್ಲಿ ಪಾಯಸ, ಅರಸಿನದ ಕಲೆ ಕೂತರೆ ಎದ್ದೇಳುವುದಿಲ್ಲ. ವರ್ಷ ಕಳೆದರೆ ಕಪ್ಪು. ಆಮೇಲೆ ಕಮಿಟಿಯವರೇ ಪಾಲಿಶ್ ಮಾಡಿಸಿ ಎನ್ನುತ್ತಾರೆ.

ಲೋಲಕ55
ಮಾತು ನಿಜ, ತೀರ್ಮಾನ ಒಪ್ಪುವುದಿಲ್ಲ. ಕಲೆ ಕೂರುವುದು ಒರಟುತನದಿಂದ ಮಾತ್ರವಲ್ಲ, ತೊಳೆಯುವ ರೀತಿಯಿಂದ. ಒಂದೇ ಬಕೆಟಿನ ನೀರಲ್ಲಿ ಇಡೀ ಹಾಲು ಒರೆಸಿದರೆ ಕೊಳೆಯನ್ನು ಸಮನಾಗಿ ಹಂಚಿದ ಹಾಗಾಯಿತು. ಎಣ್ಣೆಯ ತೆಳು ಪದರ ಇಡೀ ನೆಲಕ್ಕೆ. ಅದೇ ಟೈಲ್ ಶುಚಿಯಾಗಿದ್ದಾಗಿನ ಪಿಟಿವಿಯನ್ನು ಅಂಥ ನೆಲದಲ್ಲಿ ಹುಡುಕಬೇಡಿ.

ಬಿಸಿನೀರಿಗೆ ಲೀಟರಿಗೆ 20–30 ಗ್ರಾಂ ವಾಷಿಂಗ್ ಸೋಡಾ, ಅಥವಾ ಕ್ಷಾರದ ನೆಲ ತೊಳೆಯುವ ದ್ರವ. ನೆಲಕ್ಕೆ ಸುರಿದು ಐದರಿಂದ ಹತ್ತು ನಿಮಿಷ ಬಿಡಬೇಕು, ಇದನ್ನು ಬಿಡುವವರು ಕಡಿಮೆ. ಗಟ್ಟಿ ಬ್ರಶ್ಶಿನಲ್ಲಿ ಉಜ್ಜಿ, ರಬ್ಬರು ವೈಪರಿನಲ್ಲಿ ಚರಂಡಿಗೆ ತಳ್ಳಿ, ಬೇರೆ ನೀರಿನಲ್ಲಿ ತೊಳೆಯಬೇಕು. ನಮ್ಮ ಮುರಕಲ್ಲು ಪದರದ ಬಾವಿ ನೀರು ಸಾಮಾನ್ಯವಾಗಿ ಮೆದು, ಹಾಗಾಗಿ ಸಾಬೂನಿನ ಗಷ್ಟು ಕೂರುವುದು ಕಡಿಮೆ, ಅದೊಂದು ಪುಣ್ಯ. ಸಾಬೂನು ಹೆಚ್ಚು ಹಾಕಿ ತೊಳೆಯದೆ ಬಿಟ್ಟರೆ ಮೆದು ನೀರಿನಲ್ಲೂ ಜಾರುತ್ತದೆ.

ಹಾಲಿನ ನಡುವೆ, ಜನ ಕೂತು ಉಣ್ಣುವಲ್ಲಿ, ಒದ್ದೆಯಲ್ಲಿ 36 ದಾಟಿದ ಮ್ಯಾಟ್ ಟೈಲ್ ಸಾಕು. ಕೈತೊಳೆಯುವ ಜಾಗ, ಅಡುಗೆಕೋಣೆ, ಬಡಿಸುವವರು ಬಕೆಟ್ ಹಿಡಿದು ಓಡುವ ದಾರಿ, ಈ ಮೂರಕ್ಕೆ ಆರ್11ಕ್ಕಿಂತ ಕೆಳಗೆ ಇಳಿಯಬೇಡಿ. ಅಡುಗೆಕೋಣೆಗೆ ಆರ್ ಜತೆ ವಿ4, ವಿ6 ಎಂದು ಬರೆದದ್ದು ಸಿಕ್ಕಿದರೆ ಇನ್ನೂ ಒಳ್ಳೆಯದು. ಚದರ ಡೆಸಿಮೀಟರಿಗೆ ಎಷ್ಟು ಘನ ಸೆಂಟಿಮೀಟರ್ ದ್ರವ ಟೈಲಿನ ತಗ್ಗಿನಲ್ಲಿ ಅಡಗುತ್ತದೆ ಎಂಬ ಲೆಕ್ಕ ಅದು. ಕೈತೊಳೆಯುವಲ್ಲಿ 1:80ರ ವಾಟ ಕೊಡಿ. ನೀರು ನಿಲ್ಲದಿದ್ದರೆ ಅರ್ಧ ಪರೀಕ್ಷೆ ಅಲ್ಲೇ ಪಾಸು.

ಟೈಲ್‌ಮೇಸ್ತ್ರಿ
ಎರಡು ಬಗೆಯ ಟೈಲ್ ಸೇರುವಲ್ಲಿ ಕಾಲು ತಡೆಯುವುದಿಲ್ಲವಾ?

ಲೋಲಕ55
ಸಂದಿನಲ್ಲಿ ಮಟ್ಟ ಒಂದೇ ಇದ್ದರೆ ಇಲ್ಲ. ಒರಟಿನಿಂದ ನುಣುಪಿಗೆ ಕಾಲಿಡುವಾಗಲೇ ತೊಂದರೆ. ಒದ್ದೆ ಪಾದ ಅದೇ ಹೆಜ್ಜೆ ಅದೇ ವೇಗದಲ್ಲಿ ಬರುತ್ತದೆ. ಆದ್ದರಿಂದ ಗಡಿಯನ್ನು ನಲ್ಲಿಯ ಬುಡಕ್ಕೆ ತರದೆ, ಎರಡೂ ಪಾದ ಎರಡೆರಡು ಸಲ ಊರುವಷ್ಟಾದರೂ ಈಚೆ ತನ್ನಿ. ಅಲ್ಲಿ ತೆಂಗಿನ ನಾರಿನ ಚಾಪೆ ಹಾಸಿ. ಚಾಪೆ ನೆನೆದು ಸೋರುವ ಸ್ಥಿತಿಗೆ ಬಂದರೆ ಬದಲಿಸಲು ಇನ್ನೊಂದು ಜತೆ ಇರಲಿ.

ಬಚ್ಚಲುಮನೆ
ಹಾಕಿಯಾದ ನುಣುಪು ನೆಲಕ್ಕೆ "ಆಂಟಿ ಸ್ಕಿಡ್ ಲಿಕ್ವಿಡ್" ಹಚ್ಚುವವರು ಬರುತ್ತಾರೆ. ಅದು ಏನು ಮಾಡುತ್ತದೆ?

ಅಳತೆಕೋಲು
ಹೆಚ್ಚಿನವು ಫ್ಲೋರೈಡ್ ಇರುವ ಆಮ್ಲ: ಹೈಡ್ರೋಫ್ಲೋರಿಕ್ ಅಥವಾ ಅಮೋನಿಯಂ ಬೈಫ್ಲೋರೈಡ್. ಗ್ರಾನೈಟ್, ವಿಟ್ರಿಫೈಡ್ ಟೈಲಿನಲ್ಲಿರುವ ಸಿಲಿಕಾವನ್ನು ಕೊರೆದು ಸೂಕ್ಷ್ಮ ತಗ್ಗು ಮಾಡುತ್ತದೆ. ನೀರಿಗೆ ಕೆಲಸ ಮಾಡುತ್ತದೆ, ಪಿಟಿವಿ ಏರುವುದು ಕಾಣುತ್ತದೆ. ಎಣ್ಣೆಗೆ ಅಷ್ಟು ತಗ್ಗು ಸಾಲುವುದಿಲ್ಲ. ನಡೆದಾಡಿ ಸವೆಯುತ್ತದೆ, ತಗ್ಗಿನಲ್ಲಿ ಕೊಳೆ ತುಂಬುತ್ತದೆ, ಆದ್ದರಿಂದ ಹಚ್ಚಿದ ದಿನದ ವರದಿಗೆ ಆ ದಿನದ ಬೆಲೆ ಮಾತ್ರ. ಮಾರ್ಬಲ್, ಕೋಟ, ತಂದೂರು ಕಲ್ಲುಗಳು ಸುಣ್ಣದ ಜಾತಿ. ಆಮ್ಲ ಬಿದ್ದರೆ ಹೊಳಪು ಹೋಗಿ ಮಂಕಾಗುತ್ತವೆ, ಹಿಡಿತ ಬರುತ್ತದೆಂಬ ಭರವಸೆ ಇಲ್ಲ.

ಮಾಡಿಸುವುದಾದರೆ ಮೂಲೆಯಲ್ಲಿ 30×30 ಸೆಂ.ಮೀ. ತುಂಡಿಗೆ ಮೊದಲು, ಹಚ್ಚುವ ಮುಂಚೆ ಒಂದು ಅಳತೆ, ಹಚ್ಚಿದ ಮೇಲೆ ಒಂದು, ತಿಂಗಳು ನಡೆದಾಡಿದ ಮೇಲೆ ಇನ್ನೊಂದು.

ಒಂದು ಎಚ್ಚರಿಕೆ. ಈ ಆಮ್ಲ ಚರ್ಮಕ್ಕೆ ಬಿದ್ದರೆ ಕೂಡಲೇ ಉರಿಯದೆಯೂ ಇರಬಹುದು, ಒಳಗೆ ಇಳಿದು ಎಲುಬಿನವರೆಗೆ ಹೋಗುತ್ತದೆ. ಬರಿಗೈ, ಬರಿಗಾಲಲ್ಲಿ ಹಚ್ಚುವವರನ್ನು ಕಂಡರೆ ಕೆಲಸ ನಿಲ್ಲಿಸಿ. ಗಮ್‌ಬೂಟು, ದಪ್ಪ ಗ್ಲೌಸ್, ಕನ್ನಡಕ, ಪಕ್ಕದಲ್ಲಿ ಶೇ. 2.5ರ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇರಬೇಕು. ಬಿದ್ದರೆ ಧಾರಾಳ ನೀರಿನಲ್ಲಿ ತೊಳೆದು ಜೆಲ್ ಹಚ್ಚಿ ನೇರ ಆಸ್ಪತ್ರೆಗೆ.

ಬಚ್ಚಲುಮನೆ
ಹಳೆ ಮನೆಗಳ ಕಾವಿ ನೆಲ?

ಮುರಕಲ್ಲು
ಒಳಗೆ ಒಣಗಿದ್ದರೆ ಏನೂ ತೊಂದರೆ ಇಲ್ಲ. ತಿಕ್ಕಿ ತಿಕ್ಕಿ ಹೊಳಪು ಬಂದ ನೆಲ, ಅದರ ಮೇಲೆ ತೆಂಗಿನೆಣ್ಣೆ ಅಥವಾ ಮೇಣ ಹಾಕುವ ಅಭ್ಯಾಸ ಬೇರೆ. ಜಗಲಿಯ, ಸಿಟೌಟಿನ ಮಳೆ ಎರಚಲು ಬೀಳುವ ಅಂಚಿಗೆ ಮಾತ್ರ ಎಣ್ಣೆ ನಿಲ್ಲಿಸಿ. ಮೆಟ್ಟಿಲಿನ ಮೂಗಿಗೆ ಒರಟು ಪಟ್ಟಿ ಹಾಕಿ.

ಸುತ್ತುಪೌಳಿ
ದೀಪದ ಎಣ್ಣೆ ಬೀಳುವ ಜಾಗಕ್ಕೆ ಏನು ಮಾಡುವುದು? ಎಳ್ಳೆಣ್ಣೆಯೂ ಉಂಟು, ತೆಂಗಿನೆಣ್ಣೆಯೂ ಉಂಟು.

ಲೋಲಕ55
ಮೇಲೆ ಬರೆದ 70 ಮೈಕ್ರಾನ್ ನೆನಪಿಸಿಕೊಳ್ಳಿ. ಬರಿಗಾಲಿಗೆ ಅಷ್ಟು ಒರಟು ನೆಲ ಹಿತವಲ್ಲ. ಅಲ್ಲಿ ನೆಲ ಗೆಲ್ಲುವುದಿಲ್ಲ, ಎಣ್ಣೆಯನ್ನೇ ತಡೆಯಬೇಕು. ದೀಪದ ಕೆಳಗೆ ಅಂಚಿರುವ ತಟ್ಟೆ, ದೀಪಸಾಲಿನ ಕೆಳಗೆ ನಡೆಯುವ ದಾರಿಗೆ ಸೇರದ ಒಂದು ತೋಡು. ಚೆಲ್ಲಿದರೆ ಮರದ ಹೊಡಿ ಅಥವಾ ತೌಡು ಹಾಕಿ ಹೀರಿಸಿ, ಗುಡಿಸಿ, ಆಮೇಲೆ ಸೋಡಾ ನೀರು. ನೇರ ನೀರು ಹೊಯ್ದರೆ ಹರಡುತ್ತದೆ ಅಷ್ಟೇ.

ತೆಂಗಿನೆಣ್ಣೆಗೆ ಇನ್ನೊಂದು ಗುಣ. ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಮುಂಜಾವದ ಪೂಜೆಗೆ ಕಲ್ಲು ತಣ್ಣಗಿರುವಾಗ ಹಿಂದಿನ ದಿನದ ಎಣ್ಣೆ ಬಿಳಿ ಪದರವಾಗಿ ಕೂತಿರುತ್ತದೆ, ದೀಪದ ಬೆಳಕಲ್ಲಿ ಕಾಣುವುದಿಲ್ಲ. ತೊಳೆಯುವುದು ರಾತ್ರಿಯೇ ಆಗಬೇಕು, ಬೆಳಿಗ್ಗೆ ಅಲ್ಲ.

ಸುತ್ತುಪೌಳಿ
ಇಳಿಜಾರಿಗೂ 36 ಸಾಕಾ?

ಅಳತೆಕೋಲು
ಸಾಲದು. ಇಳಿಜಾರು ಎಷ್ಟೋ ಅಷ್ಟು ಘರ್ಷಣೆ ಹೆಚ್ಚು ಬೇಕು. ಪಿಟಿವಿಯಿಂದ ಘರ್ಷಣಾಂಕ ತೆಗೆಯುವ ಸೂತ್ರ: ಪಿಟಿವಿಯ ಮೂರರಷ್ಟನ್ನು, 330ರಿಂದ ಪಿಟಿವಿ ಕಳೆದ ಸಂಖ್ಯೆಯಿಂದ ಭಾಗಿಸಿ. 36ಕ್ಕೆ 108 ಭಾಗ 294, ಅಂದರೆ 0.367. 1:12 ಎಂದರೆ 0.083, ಕೂಡಿದರೆ 0.45. ಹಿಂದಕ್ಕೆ ತಿರುಗಿಸಿದರೆ ಪಿಟಿವಿ 43. ಒಂದು ಹೆಚ್ಚು ಹಿಡಿದು 44 ಎಂದು ಬರೆಯಿರಿ. ಇಳಿಜಾರನ್ನು 1:20 ಮಾಡಲು ಜಾಗ ಇದ್ದರೆ 41 ಸಾಕು, ಗಾಲಿಕುರ್ಚಿ ತಳ್ಳುವವರಿಗೂ ಸುಲಭ.

ಸುತ್ತುಪೌಳಿ
ಎಲ್ಲರಿಗೂ ಉಪಕಾರ. ಕಮಿಟಿಗೆ ಕೊಡುವ ಕರಾರಿನ ಸಾಲು ಹೀಗೆ ಬರೆದಿದ್ದೇನೆ, ತಿದ್ದಿ:

"ಅಂಗಣದ ಮೂರು ಬಗೆಯ ಕಲ್ಲನ್ನು ತಲಾ ಒಂದು ಚದರ ಮೀಟರ್ ಮಾದರಿಯಾಗಿ ಹಾಸಿ, ಒಂದು ತಿಂಗಳು ಬಳಸಿ, ಪೆಂಡುಲಂ ಪರೀಕ್ಷೆ ಮಾಡಿಸಿ ಆಯ್ಕೆ ಮಾಡುವುದು. ಕೆಲಸ ಮುಗಿದ ಮೇಲೆ 55 ರಬ್ಬರಿನಲ್ಲಿ ಒದ್ದೆ ನೆಲದ ಸರಾಸರಿ ಪಿಟಿವಿ 36 ಇರತಕ್ಕದ್ದು."

ಅಳತೆಕೋಲು
ನಾಲ್ಕು ಕಡೆ ತಿದ್ದಬೇಕು.

"ಸರಾಸರಿ" ತೆಗೆಯಿರಿ. ಮೂರು ದಿಕ್ಕಿನಲ್ಲಿ 44, 40, 27 ಬಂದರೆ ಸರಾಸರಿ 37, ಪಾಸು. ಕಾಲು ಜಾರುವುದು 27ರಲ್ಲಿ. "ಪ್ರತಿ ಜಾಗದ ಅತಿ ಕಡಿಮೆ ದಿಕ್ಕಿನ ಮೌಲ್ಯ" ಎಂದು ಬರೆಯಿರಿ. 36ರ ಬದಲು 40 ಕೇಳಿ, ಸವೆತಕ್ಕೆ ಸ್ವಲ್ಪ ಇರಲಿ.

"ಕೆಲಸ ಮುಗಿದ ಮೇಲೆ" ಸಾಲದು. ಹೊಸ ಟೈಲಿನ ಮೇಲೆ ಕಾರ್ಖಾನೆಯ ಮೇಣ ಇರುತ್ತದೆ, ಕಲ್ಲಿನ ಮೇಲೆ ಸಿಮೆಂಟ್ ಹಾಲು. ಅವನ್ನು ತೆಗೆಯದೆ ಅಳೆದರೆ ನೀವು ಅಳೆದದ್ದು ಮೇಣವನ್ನು, ಸಿಮೆಂಟನ್ನು. "ಮೇಣ, ಸಿಮೆಂಟ್ ಪೂರ್ತಿ ತೊಳೆದು, ಕೊನೆಯ ಕಂತು ಪಾವತಿಸುವ ಮೊದಲು" ಎಂದು ಸೇರಿಸಿ.

ಎಷ್ಟು ಜಾಗ ಎಂದು ಹೇಳಿಲ್ಲ. ಪೆಂಡುಲಂ ಸವರುವುದು 76×126 ಮಿ.ಮೀ. ತುಂಡು ಮಾತ್ರ. ಪ್ರತಿ ಬಗೆಯ ನೆಲಕ್ಕೆ ಕನಿಷ್ಠ ಐದು ಜಾಗ, ಅದರಲ್ಲಿ ಎರಡು ಹೆಚ್ಚು ಓಡಾಡುವ ದಾರಿಯಲ್ಲಿ, ಜಾಗ ಆರಿಸುವುದು ಗುತ್ತಿಗೆದಾರರಲ್ಲ, ನೀವು. ವರದಿಯಲ್ಲಿ ರಬ್ಬರಿನ ಬಗೆ, ಎಂಟೂ ಬೀಸಿನ ಸಂಖ್ಯೆ, ದಿಕ್ಕು, ನೆಲದ ಉಷ್ಣತೆ, ಯಂತ್ರದ ಕ್ಯಾಲಿಬ್ರೇಶನ್ ದಿನಾಂಕ, ಗಾಜಿನ ಮೇಲಿನ ಓದು ಇರಬೇಕು. ಒಂದೇ ಸಂಖ್ಯೆಯ ವರದಿ ವಾಪಸ್ ಕಳಿಸಿ.

ನಾಲ್ಕನೆಯದು ಇಳಿಜಾರು. ಅದರ 44 ಬೇರೆ ಸಾಲಿನಲ್ಲಿ ಬರಲಿ. ಅದೇ ಕಲ್ಲಿನ ತುಂಡನ್ನು ಸಮತಟ್ಟಿನಲ್ಲಿಟ್ಟು ಅಳೆದು 44ಕ್ಕೆ ಹೋಲಿಸಿ.

ಮುರಕಲ್ಲು
ಮಾದರಿ ಹಾಸುವ ತಿಂಗಳು ಯಾವುದು? ಏಪ್ರಿಲಿನಲ್ಲಿ ಹಾಸಿ ಮೇಯಲ್ಲಿ ಅಳೆದರೆ ಹಾವಸೆಯ ವಿಷಯ ಏನೂ ಗೊತ್ತಾಗುವುದಿಲ್ಲ. ಕಲ್ಲಿನ ಆಯ್ಕೆಗೆ ಅದು ಸಾಕು, ಆದರೆ ಆ ಮೂರು ತುಂಡುಗಳನ್ನು ಕಿತ್ತು ಬಿಸಾಡಬೇಡಿ. ಮಾಡಿನ ನೀರು ಬೀಳುವಲ್ಲಿ ಇಟ್ಟು ಆಗಸ್ಟಿನಲ್ಲಿ ಇನ್ನೊಮ್ಮೆ ಅಳೆಯಿರಿ, ಒಮ್ಮೆ ಹಾವಸೆ ಇರುವಾಗ, ಒಮ್ಮೆ ತೊಳೆದ ಮೇಲೆ. ಎಷ್ಟು ದಿನಕ್ಕೊಮ್ಮೆ ತೊಳೆಯಬೇಕೆಂದು ಆಗ ಗೊತ್ತಾಗುತ್ತದೆ.

ಸುತ್ತುಪೌಳಿ
ಮಾರ್ಚ್ ಕೊನೆಗೆ ಹಾಸುತ್ತೇವೆ, ಆಗಸ್ಟಿನ ಅಳತೆಯನ್ನೂ ಕರಾರಿಗೆ ಸೇರಿಸಿದ್ದೇನೆ. ಪಾಲಿಶ್ ಗ್ರಾನೈಟನ್ನು ಮಾದರಿಗೂ ಹಾಕುವುದಿಲ್ಲ. ಅದರ ಬದಲು ಫ್ಲೇಮ್ ಮಾಡಿ ಎರಡು ಹದದಲ್ಲಿ ಬ್ರಶ್ ಹಾಕಿದ ತುಂಡುಗಳು, ಮೂರನೆಯದು ಮುರಕಲ್ಲು.